‘ಒಲೆಯ ಮುಂದೆ’ ಎಷ್ಟು ದಿನಕ್ಕೊಮ್ಮೆ

ಶಿಕಾರಿಪುರ
8 ಜನವರಿ 1996

ನೀಲಕ್ಕನಿಗೆ,

ನಾನೂ ಮಗಳು ರಕ್ಷಿತಾಳೂ ಆರೋಗ್ಯವಾಗಿದ್ದೇವೆ. ನಿಮ್ಮ ಆನವಟ್ಟಿ ಕಡೆ ಚಳಿ ಜಾಸ್ತಿಯಂತೆ, ಬೆಳಗ್ಗೆ ಶಾಲೆಗೆ ಹೊರಡುವಾಗ ಶಾಲು ಮರೆಯಬೇಡಿ. ಇನ್ನು ನೇರ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಬರೆದರೆ ನೀವು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸುವವರು.

ಹದಿನೈದು ದಿನಕ್ಕೊಮ್ಮೆ ನಮ್ಮ ಪ್ರೆಸ್ಸಿನಿಂದ ಹೊರಡುವ ‘ಊರೊಳಗೆ’ ಪತ್ರಿಕೆಯನ್ನು ಜನ ಯಾಕೆ ಕೊಳ್ಳುತ್ತಾರೆಂದು ನನಗೀಗ ಖಾತ್ರಿಯಾಗಿದೆ. ನನ್ನ ಸಂಪಾದಕೀಯಕ್ಕಂತೂ ಅಲ್ಲ. ತಿಂಗಳಿಗೊಮ್ಮೆ ಬರುವ ‘ಒಲೆಯ ಮುಂದೆ’ ಅಂಕಣಕ್ಕೆ. ಅದಿಲ್ಲದ ಸಂಚಿಕೆಯನ್ನು ಬಸ್ ಸ್ಟ್ಯಾಂಡಿನ ಹೋಟೆಲಿನ ಹುಚ್ಚರಾಯಪ್ಪ ಮಡಚಿ ನನ್ನ ಕೈಗೇ ಕೊಡುತ್ತಾನೆ. “ಈ ಸಲ ಒಲೆಯವಳದು ಇಲ್ಲೇನ್ರಿ? ಹಂಗಾದ್ರ ಇದರಾಗ ಬೋಂಡಾ ಕಟ್ಟಾಕಷ್ಟೇ ಆಗ್ತತಿ ನೋಡ್ರಿ” ಎನ್ನುತ್ತಾನೆ.

ಒಲೆಯವಳು ಯಾರೆಂದು ಊರಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲೇ ಕೂತು ಗಂಗಾಶ್ರೀ ಬರೆಯುತ್ತಿದ್ದಾಗಲೂ ಗೊತ್ತಿರಲಿಲ್ಲ. ಹೋದ ಆಷಾಢದಲ್ಲಿ ಅಕ್ಕನ ಮನೆಗೆಂದು ನಿಮ್ಮಲ್ಲಿಗೆ ಬಂದವಳು ಅಲ್ಲೇ ಜ್ವರದಲ್ಲಿ ಕಣ್ಣು ಮುಚ್ಚಿದ ಮೇಲೆ ಆ ಧಾಟಿ ಹಿಡಿದು ನೀವು ಬರೆಯುತ್ತಿರುವುದೂ ಯಾರಿಗೂ ತಿಳಿಯದು. ಅಚ್ಚಿನ ಮೊಳೆ ಜೋಡಿಸುವ ಉಜ್ಜಪ್ಪನಿಗೆ ಮಾತ್ರ ಗೊತ್ತು. ಅವನು ಬಾಯಿ ಬಿಡುವವನಲ್ಲ.

ನನ್ನ ಕೋರಿಕೆ ಇಷ್ಟೇ. ಇನ್ನು ಮೇಲೆ ಪ್ರತಿ ಸಂಚಿಕೆಗೂ ಒಂದು ಬರೆದುಕೊಡಿ. ಪ್ರೆಸ್ಸಿನ ವಿಳಾಸ ಅಚ್ಚು ಹಾಕಿ ಸ್ಟಾಂಪ್ ಅಂಟಿಸಿದ ಲಕೋಟೆಗಳ ಕಟ್ಟನ್ನು ಬೇರೆ ಕಳಿಸಿದ್ದೇನೆ. ಅಂಚೆ ಡಬ್ಬ ನಿಮ್ಮ ಮನೆ ಎದುರಿಗೇ ಇದೆ. ನೆಪ ಹೇಳಲು ಜಾಗವಿಲ್ಲ.

ರಕ್ಷಿತಾಳಿಗೆ ಅಂಕಣ ಓದಿ ಹೇಳುತ್ತೇನೆ. ಕಾಗದದ ರೀಮಿನ ಮೇಲೆ ಕೂತು ಉಸಿರು ಬಿಗಿಹಿಡಿದು ಕೇಳುತ್ತಾಳೆ. ಮುಂದಿನದು ಯಾವಾಗ ಎಂದು ಮರುದಿನದಿಂದಲೇ ಶುರು.

ನಿಮ್ಮ,
ರೇಣುಕಾಪ್ರಸಾದ


ಆನವಟ್ಟಿ
17 ಜನವರಿ 1996

ರೇಣುಕಾಪ್ರಸಾದ್ ಅವರಿಗೆ,

ಲಕೋಟೆಗಳು ತಲುಪಿದವು. ಶಾಲು ಹೊದ್ದೇ ಇದನ್ನು ಬರೆಯುತ್ತಿದ್ದೇನೆ.

ಆಗುವುದಿಲ್ಲ ರೀ. ತಿಂಗಳಿಗೊಂದೇ. ಗಂಗಾ ಬದುಕಿದ್ದಾಗಲೂ ತಿಂಗಳಿಗೊಂದೇ ಬರೆದಳು, “ಅದಕ್ಕಿಂತ ಹೆಚ್ಚು ಮಾತಾಡಿದರೆ ಸಾರು ಸೀಯುತ್ತದೆ” ಎಂದು ನನ್ನ ಹತ್ತಿರವೇ ಹೇಳಿದ್ದಳು. ನಾನು ಅವಳ ಹಾಗೆ ಬರೆಯಬೇಕಾದರೆ ಒಂದು ಭಾನುವಾರ ಪೂರ್ತಿ ಸುಮ್ಮನೆ ಕೂರಬೇಕು. ಅವಳು ಸೌಟು ಹೇಗೆ ಹಿಡಿಯುತ್ತಿದ್ದಳು, ಕೊನೆಗೆ “ಹಾಲು ಒಲೆಯ ಮೇಲಿದೆ, ಹೋಗಿ ಬರುತ್ತೇನೆ” ಎಂದು ಬರೆದು ಪೆನ್ನಿನ ಮುಚ್ಚಳ ಹೇಗೆ ಹಾಕುತ್ತಿದ್ದಳು, ಅದನ್ನೆಲ್ಲ ಕಣ್ಣೆದುರು ತಂದುಕೊಳ್ಳಬೇಕು. ಅದು ಬೇಕೆಂದಾಗೆಲ್ಲ ಮಾಡುವ ಕೆಲಸವಲ್ಲ. ಮಾಡಲೂಬಾರದು ಎಂದು ನನಗೆ ಅನಿಸುತ್ತದೆ.

ಹುಚ್ಚರಾಯಪ್ಪನವರು ಬೋಂಡಾ ಕಟ್ಟಿಕೊಳ್ಳಲಿ.

ಮಗುವಿಗೆ ಕೊಬ್ಬರಿ ಮಿಠಾಯಿ ಕಳಿಸಿದ್ದೇನೆ. ನೀವು ತಿನ್ನಬೇಡಿ.

ನೀಲಾಂಬಿಕ


ಶಿಕಾರಿಪುರ
20 ಫೆಬ್ರವರಿ 1996

ನೀಲಕ್ಕನಿಗೆ,

ಆಗುವುದಿಲ್ಲ ಎನ್ನುತ್ತಲೇ ಕಳಿಸಿಬಿಟ್ಟಿರಲ್ಲ. ಮೊದಲ ವಾರದ್ದು ಬಂತು, ಸರಿ. ಹದಿನಾಲ್ಕರಂದು ಇನ್ನೊಂದು ಲಕೋಟೆ ಬಂದಾಗ ನಾನು ಪ್ರೆಸ್ಸಿನಲ್ಲಿ ನಿಂತೇ ನಕ್ಕೆ. ನಿಮ್ಮ ಬೈಗುಳಕ್ಕೂ ನಿಮ್ಮ ಕೈಗೂ ಹೊಂದಾಣಿಕೆ ಇಲ್ಲ ನೋಡಿ.

ಅದೂ ಎಂಥ ಬರಹ. “ಅವರೆಕಾಳು ಹಿಚುಕುವಾಗ ಮಾತಿಗೆ ಒಬ್ಬರು ಬೇಕು. ಒಬ್ಬಳೇ ಕೂತರೆ ಬೆರಳು ನೋಯುತ್ತದೆ, ಇಬ್ಬರು ಕೂತರೆ ಕಾಳು ಮುಗಿದದ್ದೇ ತಿಳಿಯುವುದಿಲ್ಲ.” ಉಜ್ಜಪ್ಪ ಮೊಳೆ ಜೋಡಿಸುತ್ತಾ ಎರಡು ಸಲ ಕನ್ನಡಕ ಒರೆಸಿಕೊಂಡ. ನಿಮ್ಮಿಬ್ಬರ ಅಕ್ಷರ ಮೊದಲಿಂದ ಒಂದೇ ತರಹ, ಒಂದೇ ಸ್ಲೇಟಿನಲ್ಲಿ ಕಲಿತವರು. ಈಚೆಗಂತೂ ಯಾರದ್ದು ಯಾವುದು ಎಂದು ನನಗೂ ತಿಳಿಯುವುದಿಲ್ಲ.

ಸಂಚಿಕೆ ಬುಕ್ ಪೋಸ್ಟಿನಲ್ಲಿ ಕಳಿಸಿದ್ದೇನೆ. ಹೀಗೇ ನಡೆಯಲಿ.

ನಿಮ್ಮ,
ರೇಣುಕಾಪ್ರಸಾದ


ಆನವಟ್ಟಿ
2 ಮಾರ್ಚ್ 1996

ರೇಣುಕಾಪ್ರಸಾದ್ ಅವರಿಗೆ,

ಸಂಚಿಕೆ ನೋಡಿದೆ. ನಾಟಕ ಸಾಕು ಮಾಡಿ. ಹದಿನಾಲ್ಕರ ಲಕೋಟೆಯಂತೆ, ಉಜ್ಜಪ್ಪನ ಕನ್ನಡಕವಂತೆ. ನೀವೇ ಕೂತು ಬರೆದು ನನ್ನ ತಲೆಗೆ ಕಟ್ಟುತ್ತಿದ್ದೀರಿ. ನಾನು ಫೆಬ್ರವರಿಯಲ್ಲಿ ಕಳಿಸಿದ್ದು ಒಂದೇ, ರಾಗಿ ರೊಟ್ಟಿಯದು.

ಆದರೂ ಮೆಚ್ಚಿದೆ. ಚಿಕ್ಕವರಿದ್ದಾಗ ನಾನೂ ಅವಳೂ ಒಂದೇ ಮೊರದಲ್ಲಿ ಅವರೆಕಾಳು ಹಿಚುಕುತ್ತಿದ್ದುದನ್ನು ಅವಳು ನಿಮ್ಮ ಹತ್ತಿರ ಹೇಳಿರಬೇಕು. ಓದುತ್ತಾ ನನಗೆ ಅಳು ಬಂತು. ಇಷ್ಟು ಚೆನ್ನಾಗಿ ಅವಳ ಧಾಟಿ ನಿಮಗೆ ಬರುವುದಾದರೆ ನನ್ನನ್ನು ಯಾಕೆ ಕಾಡುತ್ತೀರಿ?

ಒಂದು ತಪ್ಪು ಮಾತ್ರ ಹಿಡಿದೆ, ಮೇಷ್ಟ್ರಮ್ಮ ಅಲ್ಲವೇ. ಕೊನೆಯ ಸಾಲು ಬಿಟ್ಟಿದ್ದೀರಿ. ಹಾಲಿನ ಸಾಲು. ಅವಳು ಅದಿಲ್ಲದೆ ಯಾವತ್ತೂ ಮುಗಿಸಿದವಳಲ್ಲ.

ನೀಲಾಂಬಿಕ


ಶಿಕಾರಿಪುರ
11 ಮೇ 1996

ನೀಲಕ್ಕನಿಗೆ,

ಬೇಸಿಗೆ ಎಂದರೆ ಮದುವೆ ಪತ್ರಿಕೆಗಳ ಕಾಲ, ಉತ್ತರ ತಡವಾಯಿತು. ಕೆಲಸದ ಮಧ್ಯೆ ಕರೆಂಟಿಲ್ಲ, ಫ್ಯಾನಿಲ್ಲ. ಟ್ರೆಡಲ್ ಮಿಷನ್ನನ್ನು ಕಾಲಲ್ಲಿ ತುಳಿದೂ ತುಳಿದೂ ಮಂಡಿ ಹೋಗಿದೆ.

ನೀವೇ ಬರೆದು ಅದನ್ನು ನನ್ನ ಹೆಸರಿಗೆ ಹಚ್ಚುವುದು ನಿಮ್ಮ ದೊಡ್ಡತನ, ಇರಲಿ. ಹಾಲಿನ ಸಾಲು ಬಿಟ್ಟದ್ದು ನೀವೇ. ಬೇಕೆಂದೇ ಬಿಟ್ಟಿರಬೇಕು ಎಂದುಕೊಂಡೆ. ರಕ್ಷಿತಾ ಕೂಡ “ಅಮ್ಮ ಹೋಗಿ ಬರ್ತೀನಿ ಅನ್ಲೇ ಇಲ್ಲ” ಎಂದಳು.

ಈಗ ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ. ಅವಳು ಅಮ್ಮ ಎಂದದ್ದು ನಿಮಗೆ ಅರ್ಥವಾಗಲಿಕ್ಕಿಲ್ಲ. ಗಂಗಾಶ್ರೀ ಆನವಟ್ಟಿ ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸಿದ್ದನ್ನು ಮಗು ನೋಡಿತ್ತು. ಆಮೇಲಿನದು ನೋಡಿಲ್ಲ. ನಾನು ನಿಮ್ಮಲ್ಲಿಂದ ಎಲ್ಲ ಮುಗಿಸಿಕೊಂಡು ಬಂದ ದಿನ ಅದು ಬಾಗಿಲಲ್ಲಿ ನಿಂತು ಅಮ್ಮ ಎಲ್ಲಿ ಎಂದಿತು. ದೊಡ್ಡಮ್ಮನ ಮನೆಯಲ್ಲೇ ಇದ್ದಾಳೆ, ಅಲ್ಲಿಂದಲೇ ಪತ್ರಿಕೆಗೆ ಬರೆದು ಕಳಿಸುತ್ತಾಳೆ ಎಂದೆ. ಬಾಯಿಗೆ ಬಂದದ್ದು ಅದು. ಓಣಿಯವರ ಬಾಯಿಗೆಲ್ಲ ಬೀಗ ಹಾಕಿಸಿದ್ದೇನೆ. ಈಗ ಅವಳಿಗೆ ಐದು ತುಂಬಿದೆ, ಅಮ್ಮನ ದನಿ ಮರೆಯುತ್ತಿದ್ದಾಳೆ. ಮೊನ್ನೆ ನನ್ನನ್ನೇ ಕೇಳಿದಳು, “ಅಮ್ಮ ನನ್ನ ಹೆಂಗ್ ಕರೀತಿದ್ಲಪ್ಪಾ?” ನಾನು ಕರೆದು ತೋರಿಸಿದೆ. “ಹಂಗಲ್ಲ” ಎಂದಳು. ಹೇಗೆ ಎಂದು ಅವಳಿಗೂ ನೆನಪಿಲ್ಲ.

ಆದ್ದರಿಂದ ಜೂನಿನಿಂದ ಪತ್ರಿಕೆ ವಾರಕ್ಕೊಮ್ಮೆ. ‘ಒಲೆಯ ಮುಂದೆ’ಯೂ ವಾರಕ್ಕೊಮ್ಮೆ. ತಿಂಗಳಿಗೊಂದು ಬಂದರೆ ಮಗು ಮರೆಯುತ್ತದೆ ಅಕ್ಕ. ವಾರಕ್ಕೊಂದು ಬಂದರೆ ಉಳಿಯುತ್ತದೆ.

ರೇಣುಕಾಪ್ರಸಾದ


ಆನವಟ್ಟಿ
18 ಮೇ 1996

ರೇಣುಕಾಪ್ರಸಾದ್ ಅವರಿಗೆ,

ನನಗೆ ಕೋಪ ಬಂದಿದೆ. ಹಾಗೆಂದು ಬರೆಯುವುದೇ ಒಳ್ಳೆಯದು.

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಎಡೆ ಇಡೋಣ ಎಂದಾಗ ನೀವು ಬೇಡ ಎಂದಿರಿ. ದುಃಖ ಹಸಿಯಾಗಿದೆ ಎಂದುಕೊಂಡು ಸುಮ್ಮನಾದೆ. ಈಗ ಕಾರಣ ತಿಳಿಯಿತು. ಎಡೆ ಇಟ್ಟರೆ ಮಗುವಿಗೆ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಹೋದವರನ್ನು ವರ್ಷಕ್ಕೊಂದು ಸಲ ಹೆಸರು ಹಿಡಿದು ಕರೆಯುತ್ತೇವೆ. ಇಷ್ಟವಾದದ್ದನ್ನು ಬಡಿಸಿ, ಬಾಗಿಲೆಳೆದುಕೊಂಡು ಹೊರಗೆ ಕೂರುತ್ತೇವೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಹೋಗಿ ಬಾ ಎಂದು ಕಳಿಸಿಕೊಡುತ್ತೇವೆ. ಕರೆಯುವುದಕ್ಕೆ ಒಂದು ದಿನ, ಕಳಿಸುವುದಕ್ಕೂ ಅದೇ ದಿನ. ನೀವು ಅದನ್ನು ನಿಲ್ಲಿಸಿ ಪತ್ರಿಕೆಯಲ್ಲಿ ಕರೆಯುತ್ತಿದ್ದೀರಿ, ನನ್ನ ಮನೆಯನ್ನು ಅವಳ ವಿಳಾಸ ಮಾಡಿ ಮಗುವಿನ ಬಾಯಲ್ಲಿ ದಿನಾ ಹೇಳಿಸುತ್ತಿದ್ದೀರಿ. ಇದರಲ್ಲಿ ನಾನೂ ಕೈ ಜೋಡಿಸಿದೆನಲ್ಲ ಎಂದು ಸಂಕಟವಾಗುತ್ತದೆ.

ಮಗುವಿಗೆ ನಿಜ ಹೇಳಿ. ಜೂನಿನಿಂದ ನಾನು ಒಂದಕ್ಷರ ಬರೆಯುವುದಿಲ್ಲ. ಬರೆಯಲೇಬೇಕೆಂದರೆ ನೀವು ಈಗ ಮಾಡುತ್ತಿರುವಂತೆ ನೀವೇ ಬರೆದುಕೊಳ್ಳಿ.

ನೀಲಾಂಬಿಕ


ಶಿಕಾರಿಪುರ
6 ಜುಲೈ 1996

ನೀಲಕ್ಕನಿಗೆ,

ಬರೆಯುವುದಿಲ್ಲ ಎಂದ ಮೇಲೆ ವಾರ ತಪ್ಪದೆ ಕಳಿಸುತ್ತಿದ್ದೀರಿ. ಸಿಟ್ಟು ಒಂದು ಕಡೆ, ತಂಗಿ ಒಂದು ಕಡೆ. ನಿಮ್ಮ ಕಾಲಿಗೆ ಬೀಳಬೇಕು.

ನೀವು ಹೇಳಿದ್ದು ಸರಿ, ನಿಜ ಹೇಳಬೇಕು. ಹೇಳುತ್ತೇನೆ. ಸ್ವಲ್ಪ ದಿನ ಹೋಗಲಿ. ಈಗ ರಕ್ಷಿತಾ ಅಕ್ಷರ ಕೂಡಿಸಿ ಓದಲು ಕಲಿತಿದ್ದಾಳೆ. “ಅಟ್ಟದಲ್ಲಿ ಹಳೆಯ ಒನಕೆಯ ಹಿಂದೆ ಬೆಕ್ಕು ಮರಿ ಹಾಕಿದೆ. ಮೂರು. ಒಂದರ ಕಿವಿ ಮಾತ್ರ ಕಪ್ಪು. ಅಕ್ಕನಿಗೆ ಇನ್ನೂ ಗೊತ್ತಿಲ್ಲ” ಎಂಬ ಸಾಲನ್ನು ಬೆರಳಿಟ್ಟು ತಾನೇ ಓದಿದಳು. ಕಪ್ಪು ಕಿವಿಯ ಮರಿ ತನಗೇ ಬೇಕಂತೆ. ಅದನ್ನು ಯಾರಿಗೂ ಕೊಡಬೇಡಿ.

ಶ್ರಾವಣಕ್ಕೆ ಇನ್ನೊಂದು ಯೋಚನೆ ಇದೆ. ಪ್ರೆಸ್ಸಿನ ಹೊರಗಿನ ಗೋಡೆಗೆ ಕಪ್ಪು ಹಲಗೆ ಹಾಕಿಸಿ, ದಿನಕ್ಕೊಂದು ಸಾಲು ‘ಒಲೆಯ ಮುಂದೆ’ ಬರೆಯುವುದು. ದೊಡ್ಡದೇನೂ ಬೇಡ. ದಿನಕ್ಕೊಂದು ಸಾಲು ಕಳಿಸಿದರೆ ಸಾಕು.

ರೇಣುಕಾಪ್ರಸಾದ


ಆನವಟ್ಟಿ
13 ಜುಲೈ 1996

ರೇಣುಕಾಪ್ರಸಾದ್ ಅವರಿಗೆ,

ಇದನ್ನು ನಿಧಾನವಾಗಿ ಓದಿ.

ನಿಮ್ಮ ಕಾಗದ ಓದಿ ಅಟ್ಟ ಹತ್ತಿದೆ. ಒನಕೆಯ ಹಿಂದೆ ಮೂರು ಮರಿಗಳಿವೆ. ಒಂದರ ಕಿವಿ ಕಪ್ಪು. ನನಗೆ ಗೊತ್ತೇ ಇರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಶಿಕಾರಿಪುರದಲ್ಲಿ ಕೂತ ನೀವು ಹೇಗೆ ಬರೆದಿರಿ?

ನಾನು ಮೇ ತಿಂಗಳ ಮೊದಲ ವಾರದ ನಂತರ ಏನನ್ನೂ ಕಳಿಸಿಲ್ಲ. ಇದು ದೊಡ್ಡತನವಲ್ಲ, ಹಾಸ್ಯವಲ್ಲ. ಲಕೋಟೆಯ ಕಟ್ಟು ಗೂಡಿನಲ್ಲಿತ್ತು, ಈಗ ನೋಡಿದರೆ ಅರ್ಧಕ್ಕಿಂತ ಕಡಿಮೆ ಇದೆ.

ಪಕ್ಕದ ಮನೆಯ ಮಾಳಮ್ಮ ಹೋದ ವಾರ ಒಂದು ಮಾತು ಹೇಳಿದರು, ಆಗ ನಾನು ತಲೆಗೆ ಹಾಕಿಕೊಳ್ಳಲಿಲ್ಲ. “ಮಧ್ಯಾಹ್ನ ಕಿಟಕಿ ಹತ್ರ ಕೂತು ಬರೀತಾ ಇದ್ರಲ್ಲ ಟೀಚರೇ, ಎರಡು ಸಲ ಕೂಗ್ದೆ, ತಿರುಗ್ಲೇ ಇಲ್ಲ. ಏನು ಸೊರಗಿ ಹೋಗಿದೀರಿ, ಮೈಯಲ್ಲಿ ಹುಷಾರಿಲ್ವಾ” ಎಂದರು. ಮಧ್ಯಾಹ್ನ ನಾನು ಶಾಲೆಯಲ್ಲಿರುತ್ತೇನೆ.

ನಿಮಗೆ ಬಂದ ಹಸ್ತಪ್ರತಿಗಳನ್ನೆಲ್ಲ ಕೂಡಲೇ ಕಳಿಸಿ. ಹಲಗೆ ಹಾಕಿಸಬೇಡಿ.

ನೀಲಾಂಬಿಕ


ಆನವಟ್ಟಿ
10 ಆಗಸ್ಟ್ 1996

ರೇಣುಕಾಪ್ರಸಾದ್ ಅವರಿಗೆ,

ತಿಂಗಳಾಗುತ್ತಾ ಬಂತು, ಉತ್ತರವಿಲ್ಲ. ಪತ್ರಿಕೆ ಮಾತ್ರ ವಾರ ವಾರ ಬರುತ್ತಿದೆ, ಅದರಲ್ಲಿ ಅವಳೂ ಬರುತ್ತಿದ್ದಾಳೆ.

ನಾನು ಸೀಮೆಎಣ್ಣೆ ಸ್ಟವ್ ಮೇಲೆ ಅಡಿಗೆ ಮಾಡುವವಳು ಎಂದು ನಿಮಗೆ ಗೊತ್ತು. ಸೌದೆ ಒಲೆಯನ್ನು ಗಂಗಾ ಹೋದ ದಿನದಿಂದ ಹಚ್ಚಿಲ್ಲ. ಈಗ ಶಾಲೆಯಿಂದ ಬಂದು ಅದರ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಇದನ್ನು ನಾನು ಫೆಬ್ರವರಿಯಿಂದಲೇ ನೋಡುತ್ತಿದ್ದೇನೆ, ಹೇಳಿರಲಿಲ್ಲ. ಬೆಕ್ಕು ಬೂದಿಯಲ್ಲಿ ಮಲಗಿರಬೇಕು ಎಂದುಕೊಂಡಿದ್ದೆ.

ನನಗೆ ಹೆದರಿಕೆ ಆಗುತ್ತದೆ. ಅವಳಿಗೆ ಹೆದರುವುದು ಹೇಗೆ ಎಂದೂ ತಿಳಿಯುವುದಿಲ್ಲ. ಅವಳ ಜಡೆ ಹಾಕಿದವಳು ನಾನು.

ಅವಳ ವರ್ಷದ ದಿನವೂ ಹೀಗೇ ಕಳೆದು ಹೋಯಿತು. ನೀವು ಬರುತ್ತೀರೆಂದು ಕಾದೆ.

ನೀಲಾಂಬಿಕ


ಶಿಕಾರಿಪುರ
30 ಆಗಸ್ಟ್ 1996

ನೀಲಕ್ಕ,

ಹಸ್ತಪ್ರತಿಗಳ ಕಟ್ಟು ಇದರ ಜೊತೆಗಿದೆ. ಕೊಡಲು ಮನಸ್ಸಾಗಲಿಲ್ಲ, ಅದಕ್ಕೇ ತಡ.

ನಿಮ್ಮ ಜುಲೈ ಕಾಗದ ಓದುವ ಮೊದಲೇ ನನಗೆ ತಿಳಿದಿತ್ತು. ಜೂನಿನ ಎರಡನೆಯ ಲಕೋಟೆಯಲ್ಲಿ ಹಾಳೆಯನ್ನು ಮಡಚಿ ಮಡಚಿ, ಕೊನೆಯ ಮೂಲೆಯನ್ನು ಎಲೆಯಡಿಕೆಯ ಬೀಡಾ ಕಟ್ಟಿದ ಹಾಗೆ ಒಳಗೆ ಸಿಕ್ಕಿಸಿತ್ತು. ಹಾಗೆ ಮಡಚುವವಳು ಒಬ್ಬಳೇ. ತಿಳಿದೂ ನಿಮಗೆ ಧನ್ಯವಾದ ಬರೆದೆ. ಅವಳು ಎಂದು ಬಾಯಿಬಿಟ್ಟರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ. ಬರಲಿ, ಇನ್ನೂ ಹೆಚ್ಚು ಬರಲಿ ಎಂದೇ ವಾರದಿಂದ ದಿನಕ್ಕೆ ಇಳಿದೆ. ಹಲಗೆ ಹಾಕಿಸಿದೆ.

ಶ್ರಾವಣದ ಮೊದಲ ದಿನದಿಂದ ಪ್ರತಿ ಬೆಳಗಿನ ಟಪಾಲಿನಲ್ಲಿ ಒಂದು ಲಕೋಟೆ. ಭಾನುವಾರದ್ದು ಸೋಮವಾರ ಸೇರಿಸಿ ಬರುತ್ತದೆ. ಹಲಗೆಯ ಮುಂದೆ ಜನ ನಿಂತು ಓದುತ್ತಾರೆ, ಮೊದಲು ನಗುತ್ತಿದ್ದರು. ಈಗ ನಗುವುದಿಲ್ಲ. ಮೊದಮೊದಲು “ಹುರುಳಿ ನೆನೆಹಾಕಿದ್ದೇನೆ, ನಾಳೆ ಮೊಳಕೆ ಒಡೆಯುತ್ತದೆ” ಎಂದೆಲ್ಲ ಇತ್ತು. ಆಮೇಲೆ “ಮತ್ತೆ ಕರೆದಿರಿ, ಬಂದೆ. ಏನೋ ಹೇಳಬೇಕೆಂದಿದ್ದೆ, ದಾರಿಯಲ್ಲಿ ಮರೆತೆ.” ಮೊನ್ನೆ “ಕಾಲು ಸೋತಿದೆ.” ಇವತ್ತಿನ ಹಾಳೆಯಲ್ಲಿ ಒಂದೇ ಪದ, “ಬಂದೆ.” ಹುಚ್ಚರಾಯಪ್ಪ ಅದನ್ನು ಓದಿ ಹೇಳಿದ, “ಒಲೆಯವಳಿಗೆ ಸ್ವಲ್ಪ ರಜಾ ಕೊಡ್ರಿ. ಪಾಪ, ಅಕೀನೂ ಮನಷ್ಯಾಳೇ ಅಲ್ಲೇನ್ರಿ.”

ರಕ್ಷಿತಾಳ ಮುಂದೆ ಹಲಗೆ ಒರೆಸಲು ಹೋದೆ. ಅಷ್ಟರಲ್ಲಿ ಓದಿಬಿಟ್ಟಿದ್ದಳು. “ಅಮ್ಮಗೆ ಸುಸ್ತಾಗೇತಿ” ಎಂದಳು. ಊಟ ಮಾಡಲಿಲ್ಲ.

ಏನು ಮಾಡಲಿ ಹೇಳಿ. ಹೇಳಿದ್ದನ್ನು ಮಾಡುತ್ತೇನೆ.

ರೇಣುಕಾಪ್ರಸಾದ


ಆನವಟ್ಟಿ
7 ಸೆಪ್ಟೆಂಬರ್ 1996

ರೇಣುಕಾಪ್ರಸಾದ್ ಅವರಿಗೆ,

ಹಾಳೆಗಳನ್ನು ನೋಡಿದೆ. ನನ್ನ ಶಾಲೆಯ ಮಕ್ಕಳ ಕಾಪಿ ಪುಸ್ತಕದಿಂದ ಹರಿದವು. ಅಕ್ಷರ ಅವಳದೇ. ನೀವು ಗುರುತಿಸದಿದ್ದರೂ ನಾನು ಗುರುತಿಸುತ್ತೇನೆ.

ತಿಂಗಳ ಪ್ರಕಾರ ಜೋಡಿಸಿ ಓದಿದೆ. ಫೆಬ್ರವರಿಯಲ್ಲಿ ಅವಳಿಗೆ ಬರಲು ಖುಷಿ ಇತ್ತು. ಎರಡು ಪುಟ ಬರೆದಿದ್ದಾಳೆ. ನೀವು ಹೆಚ್ಚು ಸಲ ಕರೆದಂತೆಲ್ಲ ಅವಳು ಕಡಿಮೆ ಆಗುತ್ತಾ ಹೋಗಿದ್ದಾಳೆ. ಯಾವುದರಲ್ಲೂ ಹಾಲಿನ ಸಾಲಿಲ್ಲ. ನೀವು ಬಿಟ್ಟಿರಿ ಎಂದು ನಾನು, ನಾನು ಬಿಟ್ಟೆ ಎಂದು ನೀವು ಅಂದುಕೊಂಡದ್ದಾಯಿತು. ಅವಳೇ ಬರೆಯಲಾರಳು ರೀ. ಹೋಗಿ ಬರುತ್ತೇನೆ ಎನ್ನಬೇಕಾದರೆ ಯಾರಾದರೂ ಹೋಗಿ ಬಾ ಎನ್ನಬೇಕು. ನೀವು ಕರೆದದ್ದೇ ಕರೆದದ್ದು. ಕಳಿಸಿಕೊಟ್ಟಿಲ್ಲ.

ಮಗು ದನಿ ಮರೆಯುತ್ತದೆ ಎಂದು ನೀವು ಹೆದರುತ್ತೀರಿ. ಅದು ಸುಳ್ಳಲ್ಲ. ಆದರೆ ಈಗ ಅವಳ ದನಿ ಒಂದೇ ಪದಕ್ಕೆ ಬಂದಿದೆ. ನಾಳೆ ಅದೂ ಇರುವುದಿಲ್ಲ. ಅದನ್ನು ಕೇಳಿಸಿಕೊಂಡು ಮಗು ಬೆಳೆಯಬೇಕೇ?

ಹಲಗೆ ಇವತ್ತೇ ಇಳಿಸಿ. ಅಂಕಣ ನಿಲ್ಲಿಸಿ. ಅಕ್ಟೋಬರ್ ಹನ್ನೆರಡು ಮಹಾಲಯ ಅಮಾವಾಸ್ಯೆ. ಮಗುವನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಇಲ್ಲಿಗೆ ಬನ್ನಿ. ನಿಜ ಹೇಳುವುದು ನಿಮ್ಮ ಕೆಲಸ, ಅದನ್ನು ನಾನು ಮಾಡುವುದಿಲ್ಲ. ಎಡೆಯ ಅಡಿಗೆ ನನ್ನದು. ಅವಳು ಬಂದಿರುವುದು ನನ್ನ ಮನೆಗೆ, ನನ್ನ ಮನೆಯಿಂದಲೇ ಕಳಿಸೋಣ.

ನೀಲಾಂಬಿಕ


ಶಿಕಾರಿಪುರ
15 ಅಕ್ಟೋಬರ್ 1996

ನೀಲಕ್ಕ,

ನಾವು ಕ್ಷೇಮವಾಗಿ ಮನೆ ಸೇರಿದೆವು. ಶಿರಾಳಕೊಪ್ಪದಲ್ಲಿ ಬಸ್ಸು ಕೆಟ್ಟು ನಿಂತಿತು. ಕಪ್ಪು ಕಿವಿಯ ಬೆಕ್ಕಿನ ಬುಟ್ಟಿಗೂ ಕಂಡಕ್ಟರ್ ಅರ್ಧ ಟಿಕೆಟ್ ಕೇಳಿದ.

ನೀವು ಒಳಗೆ ಎಲೆ ಹಾಕಿ, ಅವರೆಕಾಳು ಸಾರು, ಕಡುಬು, ಹಸಿರು ಸೀರೆ, ಬಳೆ ಎಲ್ಲ ಜೋಡಿಸುತ್ತಿದ್ದಿರಿ. ಜಗಲಿಯಲ್ಲಿ ಏನಾಯಿತೆಂದು ನಿಮಗೆ ಹೇಳಿಲ್ಲ. ಹೇಳಬೇಕು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಬಸ್ಸಿನ ದಿನದಿಂದ ಶುರು ಮಾಡಿ ಎಲ್ಲ ಹೇಳಿದೆ. ಜ್ವರ ಬಂತು, ಅಮ್ಮ ಸತ್ತುಹೋದಳು, ನಾನು ಸುಳ್ಳು ಹೇಳಿದೆ ಎಂದೆ. ಅವಳು ಅಳಲಿಲ್ಲ. ನನ್ನ ಅಂಗಿಯ ಗುಂಡಿ ತಿರುಗಿಸುತ್ತಾ ಕೂತಳು. “ಹಂಗಾದ್ರ ಅಮ್ಮ ಅಲ್ಲಿಂದ ದಿನಾ ನಡ್ಕಂಡು ಬರ್ತಿದ್ಲಾ?” ಎಂದು ಕೇಳಿದಳು. ಹೌದು ಎಂದೆ. “ನಾ ಕರದೆ ಅಂತನಾ?” ಎಂದಳು. ನಾನು ಕರೆದೆ ಅಂತ ಪುಟ್ಟಾ, ನೀನಲ್ಲ ಎಂದೆ. ಆಗ ಅತ್ತಳು. ನಾನೂ ಅತ್ತೆ. ಹೋದ ವರ್ಷದ ಆಷಾಢದಲ್ಲೇ ಒಟ್ಟಿಗೆ ಅಳಬೇಕಿತ್ತು.

ಅತ್ತು ಮುಗಿದ ಮೇಲೆ ಅವಳೇ ತೀರ್ಮಾನ ಮಾಡಿದಳು. ನಿಮ್ಮ ಪತ್ರ, ನನ್ನ ಪತ್ರ, ಇಡೀ ವರ್ಷದ ನಮ್ಮ ಜಗಳ ಎಲ್ಲ ಒಂದೇ ಮಾತಿಗೆ ಮುಗಿಯಿತು. “ಅಮ್ಮಗೆ ದಿನಾ ಬ್ಯಾಡ, ವಾರಕ್ಕೂ ಬ್ಯಾಡ. ವರ್ಷಕ್ಕೊಂದು ಬರದ್ರ ಸಾಕು ಅಂತ ಹೇಳಪ್ಪ. ನಾ ಕಾಯ್ತೀನಿ.”

ಆಮೇಲಿನದು ನಿಮಗೇ ಗೊತ್ತು. ಅವಳು ಹೊಸ್ತಿಲಲ್ಲಿ ನಿಂತು ಅಮ್ಮಾ ಬಾ ಎಂದು ಕರೆದಳು. ನೀವು ಬಾಗಿಲು ಎಳೆದಿರಿ. ನಾವು ಮೂವರೂ ಹಾಡು ಹಗಲಲ್ಲಿ, ಬಿಸಿಲಲ್ಲಿ, ಜಗಲಿಯ ಮೇಲೆ ಕೂತೆವು. ಒಳಗೆ ಬಳೆಯ ಸದ್ದಾಯಿತು. ನೀವು ನನ್ನ ಕಡೆ ನೋಡಿದಿರಿ, ನಾನು ನೆಲ ನೋಡಿದೆ. ಮಗು ಮಾತ್ರ ತಲೆಯೆತ್ತಿ ಕೂತಿತ್ತು. ಬಾಗಿಲು ತಟ್ಟಿದ ಮೇಲೆ ಹೋಗಿ ಬಾರಮ್ಮಾ ಎಂದು ಎಷ್ಟು ಗಟ್ಟಿಯಾಗಿ ಹೇಳಿತು.

ನಿನ್ನೆ ಸೋಮವಾರದ ಟಪಾಲಿನಲ್ಲೂ ಇವತ್ತಿನದರಲ್ಲೂ ಲಕೋಟೆ ಇಲ್ಲ.

ರೇಣುಕಾಪ್ರಸಾದ


ಆನವಟ್ಟಿ
19 ಅಕ್ಟೋಬರ್ 1996

ರೇಣುಕಾಪ್ರಸಾದ್ ಅವರಿಗೆ,

ನೀವು ಹೊರಟ ಮೇಲೆ ಎಲೆ ತೆಗೆದೆ. ಎಲೆ ಹೇಗಿತ್ತೆಂದು ಬರೆಯುವುದಿಲ್ಲ, ಅದನ್ನು ಕೇಳಬಾರದು, ಹೇಳಬಾರದು. ಸೌದೆ ಒಲೆ ಈಗ ತಣ್ಣಗಿದೆ. ವಾರವಿಡೀ ಮುಟ್ಟಿ ನೋಡಿದೆ.

ಇದರ ಜೊತೆಗಿರುವ ಲಕೋಟೆ ಕಿಟಕಿಯಲ್ಲಿತ್ತು. ನಾನು ಡಬ್ಬಕ್ಕೆ ಹಾಕಿರಲಿಲ್ಲ. ಅವಳೂ ಹಾಕಿರಲಿಲ್ಲ. ಒಡೆದಿಲ್ಲ. ಮೂಲೆ ಒಳಗೆ ಸಿಕ್ಕಿಸಿರುವುದು ಕೈಗೆ ತಿಳಿಯುತ್ತದೆ. ಮೇಲೆ ಪ್ರೆಸ್ಸಿನ ವಿಳಾಸ ಹೊಡೆದುಹಾಕಿ ಮಗುವಿನ ಹೆಸರು ಬರೆದಿದೆ. ಅವಳಿಗೆ ಕೊಡಿ.

ನೀಲಾಂಬಿಕ


ಶಿಕಾರಿಪುರ
26 ಅಕ್ಟೋಬರ್ 1996

ನೀಲಕ್ಕ,

ರಕ್ಷಿತಾ ತಾನೇ ಓದಿದಳು, ಗಟ್ಟಿಯಾಗಿ. ಕೂಡಕ್ಷರ ಬಂದಲ್ಲಿ ಮಾತ್ರ ನಾನು ಸಹಾಯ ಮಾಡಿದೆ. ಪತ್ರಿಕೆಗೆ ಇದನ್ನು ಹಾಕುವುದಿಲ್ಲ. ಆ ಜಾಗವನ್ನು ಖಾಲಿಯೇ ಅಚ್ಚು ಹಾಕುತ್ತಿದ್ದೇನೆ. ಹುಚ್ಚರಾಯಪ್ಪ ಈ ಸಲ ಸಂಚಿಕೆಯನ್ನು ವಾಪಸ್ ಕೊಡಲಿಲ್ಲ. ನಿಮಗಾಗಿ ನಕಲು ಮಾಡಿದ್ದೇನೆ:

“ರಕ್ಷೂ, ಕಡುಬು ಚೆನ್ನಾಗಿತ್ತು. ಅಕ್ಕ ಉಪ್ಪು ಸ್ವಲ್ಪ ಕಡಿಮೆ ಹಾಕುತ್ತಾಳೆ, ಮೊದಲಿಂದಲೂ ಹಾಗೇ, ನೀನು ಹೇಳಬೇಡ. ಬೆಕ್ಕಿಗೆ ದಿನಾ ಅನ್ನ ಹಾಕು. ಅಪ್ಪನ ಮಂಡಿಗೆ ಬಿಸಿ ಎಣ್ಣೆ ತಿಕ್ಕು. ನನ್ನ ದನಿ ಮರೆತರೆ ಮರೆ, ಪರವಾಗಿಲ್ಲ. ನೀನು ಕರೆದದ್ದು ನನಗೆ ಕೇಳಿಸಿತು. ಹಾಲು ಒಲೆಯ ಮೇಲಿದೆ, ಹೋಗಿ ಬರುತ್ತೇನೆ.”

ಓದಿ ಮುಗಿಸಿ ಅವಳು ನನ್ನನ್ನು ನೋಡಿ ನಕ್ಕಳು. ಅಮ್ಮ ತನ್ನನ್ನು ಏನೆಂದು ಕರೆಯುತ್ತಿದ್ದಳೆಂದು ಸಿಕ್ಕಿತಂತೆ.

ರೇಣುಕಾಪ್ರಸಾದ


ಆನವಟ್ಟಿ
2 ಅಕ್ಟೋಬರ್ 1997

ರೇಣುಕಾಪ್ರಸಾದ್ ಅವರಿಗೆ,

ಜ್ವರದಿಂದ ರಕ್ಷಿತಾಳಿಗೆ ಈ ಅಮಾವಾಸ್ಯೆಗೆ ಬರಲಾಗಲಿಲ್ಲ ಎಂದು ಕೊರಗುವುದು ಬೇಡ. ನಿನ್ನೆ ಎಡೆ ಇಟ್ಟು, ಅವಳ ಹೆಸರಿನಲ್ಲೂ ನಾನೇ ಕರೆದೆ, ನಾನೇ ಕಳಿಸಿಕೊಟ್ಟೆ. ಈ ಸಲ ಉಪ್ಪು ಒಂದು ಚಿಟಿಕೆ ಜಾಸ್ತಿ ಹಾಕಿದ್ದೆ.

ಬೆಳಗ್ಗೆ ಎದ್ದಾಗ ಲಕೋಟೆ ಕಿಟಕಿಯಲ್ಲಿತ್ತು. ಒಂದೇ. ದಪ್ಪಗಿದೆ, ಮೂರು ನಾಲ್ಕು ಹಾಳೆ ಇರಬಹುದು. ವರ್ಷದ ಮಾತು ಕೂಡಿಟ್ಟಿದ್ದಾಳೆ. ಇವತ್ತು ರಜೆ, ನಾಳೆ ಡಬ್ಬಕ್ಕೆ ಹಾಕುತ್ತೇನೆ.

ಅದನ್ನು ಕೈಗೆತ್ತಿಕೊಳ್ಳುವಾಗ ಒಳಗಿನಿಂದ ವಾಸನೆ ಬಂತು. ಹೋಗಿ ನೋಡಿದರೆ ಸೌದೆ ಒಲೆ ಉರಿಯುತ್ತಿತ್ತು, ಮೇಲೆ ಹಾಲಿನ ಪಾತ್ರೆ. ನಾನು ಇಟ್ಟದ್ದಲ್ಲ. ಈ ಸಲ ನನಗೆ ಹೆದರಿಕೆಯಾಗಲಿಲ್ಲ. ಸೆರಗು ಹಿಡಿದು, ಉಕ್ಕುವ ಮೊದಲು ಇಳಿಸಿದೆ.

ನೀಲಾಂಬಿಕ